ಮೂರನೆಯ ಕೂಗು

ಇಪ್ಪತ್ತಾರು ವರ್ಷದಿಂದ
ದಾವಣಗೆರೆ ಕೋರ್ಟಿನ ಪಡಸಾಲೆಯಲ್ಲಿ
ಹೆಸರು ಕೂಗುವುದೇ ನನ್ನ ದುಡಿಮೆ.
ಒಂದು ಹೆಸರು, ಮೂರು ಸಲ.
ಮೊದಲನೆಯದು ಬಾಗಿಲಿಗೆ,
ಎರಡನೆಯದು ಮೆಟ್ಟಿಲಿಗೆ,
ಮೂರನೆಯದು ಹೊರಗೆ, ಬೇವಿನ ಮರದಡಿ
ಬೀಡಿ ಹಚ್ಚಿಕೊಂಡವರಿಗೆ.
ಆಮೇಲೂ ಬಾರದಿದ್ದರೆ ವಾರಂಟು.
ಅದು ನನ್ನ ಕೈಯಲ್ಲಿಲ್ಲ,
ಗಂಟಲು ಮಾತ್ರ ನನ್ನದು.

ಅವತ್ತು ಕೂಗಿದೆ:
ಹಾಲೇಶ ಬಿನ್ ಉಚ್ಚಂಗೆಪ್ಪಾ...
ಬೆಂಚಿನ ಮೇಲೊಬ್ಬ ಕಿಸಕ್ಕನೆ ನಕ್ಕ.
ಬೆಟ್ಟದ ಅಮ್ಮನ ಹೆಸರಪ್ಪಾ ಅದು,
ಮುಂದೊಂದು 'ಹ' ಸೇರಿಸಿಕೊಂಡದ್ದು ನಿನ್ನ ಕಿವಿ.
ಆ ನಗು ಮುಟ್ಟದವನೊಬ್ಬ
ಗೋಡೆಗೆ ಅಂಟಿ ಕೂತಿದ್ದ,
ಎರಡೂ ಅಂಗೈ ಕಿವಿಗೆ ಒತ್ತಿಕೊಂಡು.

ಕಟಕಟೆ ಹತ್ತುವ ಮೊದಲು ನಿಂತ,
ನನ್ನ ಮುಖವನ್ನೇ ದಿಟ್ಟಿಸಿದ,
ಕಳ್ಳ ಸಿಕ್ಕನೆಂಬ ಹಾಗೆ ಮೆಲ್ಲಗೆ ಅಂದ:
"ಓಹೋ. ರಾತ್ರಿ ಕೂಗೋನು ನೀನೇ ಏನಪ."

ಕೇಸು ದೊಡ್ಡದೇನಲ್ಲ.
ಮಂಡಕ್ಕಿ ಭಟ್ಟಿಯಲ್ಲಿ ಮರಳು ಕಾಯಿಸುವ ಆಳು.
ಬೆಳಗಿನ ಆರಕ್ಕೆ ಕಸದ ಗಾಡಿ
ಹಾಡು ಹಾಕಿಕೊಂಡು ಓಣಿಗೆ ಬಂತು,
ಹಾಡಿನ ನಡುವೆ ಇವನ ಹೆಸರು ಬಂತು,
ಇವನಿಗೆ ಮಾತ್ರ ಬಂತು.
ಕಲ್ಲೆತ್ತಿ ಬೀಸಿದ.
ಮೈಕು ಹೋಯಿತು, ಮುಂದಿನ ಗಾಜು ಹೋಯಿತು,
ಡ್ರೈವರನ ಹುಬ್ಬಿಗೆ ಮೂರು ಹೊಲಿಗೆ.
ಪಾಲಿಕೆಯ ಲೆಕ್ಕ ಹನ್ನೊಂದು ಸಾವಿರದ ಇನ್ನೂರು.
ಅಕ್ಕ ಗಂಗಮಾಳವ್ವ ಐದು ಅಮಾವಾಸ್ಯೆ
ಉಕ್ಕಡಗಾತ್ರಿಗೆ ಕರೆದೊಯ್ದಿದ್ದಳಂತೆ;
ಹೊಳೆಯಲ್ಲಿ ಮುಳುಗಿಸಿ ಎತ್ತಿದರು,
ಮೈ ತೊಯ್ದಿತು, ದನಿ ತೊಯ್ಯಲಿಲ್ಲ.

ಜಡ್ಜಮ್ಮ ಚೀಟಿ ಓದಿದರು, ಕನ್ನಡಕ ತೆಗೆದರು.
ಜೈಲು ಬೇಡ, ಬಾಂಡು ಬರೆಸಿ.
ಹದಿನೈದು ದಿನಕ್ಕೊಮ್ಮೆ ಸೋಮವಾರ
ರೆಕಾರ್ಡ್ ರೂಮಿನ ಪಕ್ಕದ ಕೋಣೆಗೆ ಬರಲಿ,
ಅಲ್ಲಿ ಡಾಕ್ಟರು ಇರುತ್ತಾರೆ,
ಮಾತ್ರೆಯ ಖಾಲಿ ಹಾಳೆ ತೋರಿಸಲಿ.
ಕೋರ್ಟೇನು ಧರ್ಮಾಸ್ಪತ್ರೆಯೇ
ಎಂದುಕೊಂಡವರಲ್ಲಿ ನಾನೂ ಒಬ್ಬ.

ಆ ಕೋಣೆಯ ಶಾಹಿದಾ, ಕಡ್ಡಿಯಂಥ ಹುಡುಗಿ,
ಮಧ್ಯಾಹ್ನ ನನ್ನ ಸ್ಟೂಲಿನ ಹತ್ತಿರ ಬಂದಳು:
"ಅಣ್ಣಾ, ಅವನ ಹೆಸರು ಕೂಗಬೇಡಿ."
ಕೂಗದೆ ಹೇಗಮ್ಮ, ಕಾನೂನು.
"ಹತ್ತಿರ ಹೋಗಿ. ಎದುರಿಗೆ ನಿಂತು ಹೇಳಿ.
ತುಟಿ ಕಾಣಬೇಕು ಅವನಿಗೆ.
ಬಾಯಿ ಇರುವ ದನಿ ಯಾವುದು, ಇಲ್ಲದ್ದು ಯಾವುದು,
ಅಷ್ಟು ಗೊತ್ತಾದರೆ ಸಾಕು ಸದ್ಯಕ್ಕೆ."

ನನ್ನ ಜಾಗದಿಂದ ಅವನ ಬೆಂಚಿಗೆ ಇಪ್ಪತ್ತೆರಡು ಹೆಜ್ಜೆ.
ಮೊದಲ ಸಲ ನಾಚಿಕೆಯಾಯಿತು,
ಸಾಲ ಕೇಳಲು ಹೊರಟವನ ಹಾಗೆ ನಡೆದೆ.
"ಹಾಲೇಶ" ಎಂದೆ.
ತುಟಿ ನೋಡಿದ. ಎದ್ದ.

ನಾಲ್ಕನೆಯ ಸೋಮವಾರ ಬರಲಿಲ್ಲ.
ಖಾಲಿ ಬೆಂಚಿನ ಮುಂದೆ ನಿಂತು
ಯಾರ ಎದುರಿಗೂ ಅಲ್ಲದ ಹೆಸರು ಹೇಳಿದೆ,
ಬೇವಿನ ಮರದ ಕಡೆ ಬಾಯಿ ತೆರೆದೆ,
ಮೂರನೆಯದು ಗಂಟಲಲ್ಲೇ ಉಳಿಯಿತು.
ವಾರಂಟು ಬರೆಯುವ ಪೆನ್ನು ಎತ್ತಲಿಲ್ಲ ಜಡ್ಜಮ್ಮ,
ಶಾಹಿದಾ ಭಟ್ಟಿಯ ಓಣಿಗೆ ಹೋದಳು.
ಮಾತ್ರೆಗೆ ತೂಕಡಿಕೆ,
ತೂಕಡಿಸಿದರೆ ಕಾದ ಮರಳಿಗೆ ಕೈ.
ಬಿಟ್ಟುಬಿಟ್ಟಿದ್ದ.
ಅಕ್ಕಿ ಸಿಡಿಯುವಷ್ಟು ಹೊತ್ತು
ಆ ದನಿ ಸುಮ್ಮನಿರುತ್ತದಂತೆ;
ಅದಕ್ಕೇ ಎರಡು ಪಾಳಿ ದುಡಿಯುತ್ತಿದ್ದ.
ಡಾಕ್ಟರು ಮಾತ್ರೆ ಬದಲಿಸಿದರು,
ಭಟ್ಟಿಯ ಯಜಮಾನ ಗೊಣಗುತ್ತಲೇ
ಚೀಲ ಹೊಲಿಯುವ ಕಡೆಗೆ ಕೂರಿಸಿದ.

ಇನ್ನೊಂದು ಮಾತು, ಯಾರಿಗೂ ಹೇಳಿಲ್ಲ:
ನಿದ್ದೆಯಲ್ಲಿ ಹೆಸರು ಕೂಗುತ್ತೀರಿ ಎಂದು
ಮದುವೆಯಾದಾಗಿನಿಂದ ದೂರುತ್ತಾಳೆ ಹೆಂಡತಿ.
ಯಾರ ಹೆಸರು ಎಂದರೆ
ಕಂಡವರದ್ದು, ಎನ್ನುತ್ತಾಳೆ, ಮೂರು ಮೂರು ಸಲ.
ಹಾಗಿದ್ದ ಮೇಲೆ ಹಾಲೇಶ ಅವತ್ತು ಹೇಳಿದ್ದನ್ನು
ಪೂರಾ ಸುಳ್ಳೆಂದು ಹೇಗೆ ಬರೆದುಕೊಳ್ಳಲಿ?

ಮೊನ್ನೆ ನನಗೆ ನೆಗಡಿ.
ಎದುರಿಗೆ ನಿಂತು ಹೆಸರು ಹೇಳಿದರೆ
ಹೊರಬಂದದ್ದು ಹಳೇ ಬಾಗಿಲಿನ ಸದ್ದು.
ಸುಟ್ಟ ಗುರುತಿನ ಕೈಯಲ್ಲೇ
ಜೇಬಿಂದ ಮಂಡಕ್ಕಿ ತೆಗೆದು ನೀಡಿದ:
"ಈಗಲೂ ಕೂಗ್ತದಪ ಅದು, ಬಿಟ್ಟಿಲ್ಲ.
ಆದರ ಅದಕ್ಕೆ ನೆಗಡಿ ಆಗಿಲ್ಲ.
ನೀನಲ್ಲ ಬಿಡು."

ಮುಂದಿನ ತಾರೀಕು ಹದಿನೆಂಟು.
ಪಾಲಿಕೆಯ ಹಣದಲ್ಲಿ ಇನ್ನೂ
ಒಂಬತ್ತು ಸಾವಿರ ಬಾಕಿ.