ಭಾರ ಹೇರಿ ಕೇಳು

ಐದೂ ಹಸಿರು ಗೆರೆ ಉರಿಯುತ್ತಿದ್ದಾಗಲೇ
ಆಲ್ಗೋಮಾ ಬೀದಿಯ ನಟ್ಟನಡುವೆ ನಿಂತುಬಿಟ್ಟಿತು ಗಾಲಿಕುರ್ಚಿ.
ದಾಟಲು ಕೊಟ್ಟ ಸೆಕೆಂಡು ಮುಗಿದು ಕೆಂಪು ದೀಪ,
ಹಿಮ ತಳ್ಳುವ ಲಾರಿಯ ಹಾರ್ನು.
ಇಬ್ಬರು ಶಾಲೆ ಹುಡುಗರು ಕ್ಲಚ್ಚು ಬಿಡಿಸಿ ನೂಕಿ
ದಡ ಮುಟ್ಟಿಸಿದರು ನೂರರವತ್ತು ಕಿಲೋ.
ಅದರಲ್ಲಿ ನಾನು ಐವತ್ತೆರಡು.

ಅಂಗಡಿಯವನು ಬಂದ, ಮೀಟರಿನ ಮೊನೆ ತಾಗಿಸಿದ.
"ಇದು ಹನ್ನೆರಡು ಪಾಯಿಂಟ್ ಎಂಟು. ಅದೂ ಅಷ್ಟೇ.
ಬ್ಯಾಟರಿ ಗಟ್ಟಿಯಾಗಿವೆ, ಐರ್ಮಾ. ವಿಮೆಯವರು ಹೊಸದು ಕೊಡುವುದಿಲ್ಲ."
ಬೂಟಿನ ಹಿಮ ಕರಗುವ ಮೊದಲೇ ಹೊರಟಿದ್ದ.

ಮೇಲಿನ ಮನೆಯ ತೌನೊ,
ಬಂದರಿನ ಧಾನ್ಯಗೋಪುರಗಳಲ್ಲಿ ಮೂವತ್ತೊಂದು ವರ್ಷ
ಮೋಟಾರು ಕಾಯ್ದವನು, ಕೇಳಿ ಮೂಗು ಮುರಿದ:
"ಉಂಡು ಮಲಗಿದವನ ನಾಡಿ ಹಿಡಿದು
ಮೂಟೆ ಹೊರುತ್ತಾನೆ ಅಂದ ಹಾಗಾಯಿತು.
ಭಾರ ಹೇರಿ ಕೇಳಬೇಕು. ಆಗ ಬಾಯಿ ಬಿಡುತ್ತೆ."

ಮರುದಿನ ಸಂಜೆ ನನ್ನನ್ನು ಅಡುಗೆಮನೆಯ ಮರದ ಕುರ್ಚಿಗೆ ಇಳಿಸಿ
ಸೀಟಿನಡಿಯಿಂದ ಎರಡನ್ನೂ ಎಳೆದು
ಹಳೆ ಪೇಪರಿನ ಮೇಲೆ ಕೂರಿಸಿದ.
ಸುಣ್ಣದ ಕಡ್ಡಿಯಲ್ಲಿ ಬರೆದ: ಎಡ, ಬಲ.
ಗುಜರಿಗೆ ಹೋದ ಅವನ ಪಾಂಟಿಯಾಕಿನ ಎರಡು ಕಣ್ಣು ತಂದು
ಒಂದೊಂದಕ್ಕೆ ಒಂದೊಂದು ಕಚ್ಚಿಸಿದ.
ರಾತ್ರಿ ಒಂಬತ್ತು. ನನ್ನ ಅಡುಗೆಮನೆ
ಯಾರನ್ನೋ ಎದುರುಗೊಳ್ಳಲು ಹೊರಟ ಕಾರಿನಂತೆ ಬೆಳಗಿತು.

ಅರ್ಧ ಗಂಟೆಗೊಮ್ಮೆ ಮೀಟರು ನೋಡುತ್ತಾನೆ,
ಕೈಗೆ ಸಿಕ್ಕ ಲಕೋಟೆಯ ಬೆನ್ನಿಗೆ ಬರೆಯುತ್ತಾನೆ.
ಮೂಲೆಯಲ್ಲಿ ನನ್ನ ಕುರ್ಚಿ ಹೊಟ್ಟೆ ಬಗೆದು, ವೈರು ಜೋತು.
ನಾನಿಲ್ಲದೆ ಅದು ಎಷ್ಟು ಸಣ್ಣದು.
ಮಾತಿಲ್ಲ. ಕಾಫಿ. ಏಲಕ್ಕಿ ಬನ್ನು.
ಕಿಟಕಿಯಾಚೆ ಹೆಪ್ಪುಗಟ್ಟಿದ ಸರೋವರ ಎಲ್ಲೋ ಲಟ್ಟೆಂದಿತು.

ಆ ಲಕೋಟೆ ಯಾರದೆಂದು ನನಗೆ ಗೊತ್ತು.
ಅಕ್ಟೋಬರಿನ ಬೆಳಿಗ್ಗೆ ಹತ್ತಕ್ಕೆ ಬಂದಿದ್ದ ಹೆಂಗಸು
"ಕೈ ಎತ್ತಿ ನೋಡೋಣ" ಅಂದಳು. ಎತ್ತಿದೆ.
"ತಲೆ ಬಾಚಿಕೊಳ್ಳುತ್ತೀರಾ?" ಬಾಚಿಕೊಂಡೆ,
ಅತಿಥಿ ಮುಂದೆ ಚೆನ್ನಾಗಿ ಕಾಣಬೇಕೆಂಬ ದಡ್ಡ ಆಸೆಗೆ
ಎರಡು ಸಲ.
ವಾರಕ್ಕೆ ಹದಿನಾಲ್ಕು ಗಂಟೆ ಬರುತ್ತಿದ್ದ ಸಹಾಯಕಿ
ಈಗ ಒಂಬತ್ತು ಗಂಟೆ.
ಸಂಜೆ ಐದಕ್ಕೆ ಯಾರೂ ಬರಲಿಲ್ಲ ನೋಡಲು,
ಚಮಚ ಅರ್ಧ ದಾರಿಯಲ್ಲಿ ಯೋಚನೆಗೆ ಬೀಳುವುದನ್ನು.

ಒಂದು ಗಂಟೆ ಹತ್ತು ನಿಮಿಷಕ್ಕೆ
ಎಡದ ದೀಪ ಅರಿಶಿನವಾಯಿತು, ಆಮೇಲೆ ಚಹಾದ ಬಣ್ಣ.
ಹತ್ತೂವರೆ ವೋಲ್ಟು. ತೌನೊ ಕ್ಲಿಪ್ಪು ಕಿತ್ತ.
"ಹತ್ತು ಗಂಟೆ ಬಾಳಬೇಕಾದದ್ದು ನಾಲ್ಕು ಗಂಟೆ ಹತ್ತು ನಿಮಿಷ."
ಬೈಗುಳವಿಲ್ಲ ದನಿಯಲ್ಲಿ. ಬೆರಳಿಂದ ಅದರ ಧೂಳು ಒರೆಸಿದ.

"ಬಲದ್ದು ಚೆನ್ನಾಗಿದೆಯಲ್ಲ, ಇದೊಂದೇ ಬದಲಿಸಿದರೆ?"
"ಆಗಲ್ಲ. ಸೋತದ್ದು ಗಟ್ಟಿಯಾದದ್ದನ್ನೂ ಎಳೆದು ಹಾಕಿದೆ,
ಹೊರಗೆ ಕಾಣಿಸದಷ್ಟು. ಹೋದರೆ ಎರಡೂ ಹೋಗಬೇಕು."

ಬಲದ್ದು ಉರಿಯುತ್ತಲೇ ಇತ್ತು, ಒಬ್ಬಂಟಿ ಹೆಡ್‌ಲೈಟು.
ಲಕೋಟೆ ನನ್ನ ಕಡೆ ಎಳೆದುಕೊಂಡು
ಅವನ ಅಂಕಿಗಳ ಕೆಳಗೆ ಹೊಸ ಸಾಲು ಶುರು ಮಾಡಿದೆ:
ಐರ್ಮಾ, ಬಲಗೈ. ಎರಡು ಗಂಟೆ: ಲೋಟ ಎತ್ತಿದೆ.
ಎರಡೂವರೆ: ಎತ್ತಿದೆ.
ಮೂರು: ಎರಡೂ ಕೈ.

ತೌನೊ ಓದಿದ. ಏನೂ ಕೇಳಲಿಲ್ಲ.
ಎದ್ದು ಹೋಗಿ ನನ್ನ ಲೋಟಕ್ಕೆ
ಅಂಚಿನ ತನಕ ಕಾಫಿ ತುಂಬಿಸಿ ತಂದ.