ಬೂಟಿಗೊಂದು ತೇಪೆ

ನನ್ನ ಜೇಬಿನಲ್ಲೊಂದು ವಜ್ರವಿದೆ.
ನಗಬೇಡಿ. ಎಳ್ಳುಕಾಳಿಗಿಂತ ಚಿಕ್ಕದು,
ಹಿತ್ತಾಳೆ ಹಿಡಿಯ ತುದಿಗೆ ಕಚ್ಚಿಕೊಂಡಿದೆ.
ಅಪ್ಪನ ಹೆಬ್ಬೆರಳು ಸವೆಸಿದ ತಗ್ಗಿನಲ್ಲಿ
ಈಗ ನನ್ನದು ಕೂರುತ್ತದೆ.
ಗೀರಿದರೆ ಇಲಿ ಕಿಚ್ಚೆಂದಷ್ಟು ಸದ್ದು,
ಅಡಿಯಿಂದ ಮೆಲ್ಲಗೆ ತಟ್ಟಿದರೆ
ಗಾಜು ಹೇಳಿದ ಮಾತು ಕೇಳುತ್ತದೆ.

ನಲವತ್ತು ವರ್ಷ ಟಿಬಿಲಿಸಿಯ ಹಳೇ ಕೇರಿಗಳಲ್ಲಿ
ಮರದ ಮೊಗಸಾಲೆಗಳಿಗೆ ಗಾಜು ಕೂರಿಸಿದ್ದೇನೆ:
ಕೆಂಪು, ಹಳದಿ, ಔಷಧಿ ಸೀಸೆಯ ನೀಲಿ.
ಒಂದು ಚೌಕಟ್ಟೂ ಮೂಲೆಮಟ್ಟಕ್ಕಿಲ್ಲ.
ಮನೆ ವಾಲಿದರೆ ಗಾಜೂ ವಾಲಬೇಕು,
ನಾನು ಕಲಿತ ವಿದ್ಯೆ ಇಷ್ಟೇ.

ಆಗ ನದಿಯಾಚೆ ಅದು ಬಂದು ಕೂತಿತು.

ಅಂಗಳದ ನಲ್ಲಿಯ ಸುತ್ತ ವಾದವೋ ವಾದ.
ದಡಕ್ಕೆ ಬಿದ್ದ ಮೀನು, ಅಂದಳು ತ್ಸಿಯಾಲಾ.
ನೆಲಮಾಳಿಗೆಯ ಗುರ್ಗೆನ್ ಹಲ್ಲುಕಡ್ಡಿ ತೆಗೆದು
ಬೂಟು, ಅಂದ. ದೈತ್ಯನದ್ದು. ಒಂದೇ ಕಾಲಿನದ್ದು.
ಸಂಗೀತ ಮಂದಿರ ಎಂದು ಪತ್ರಿಕೆ ಬರೆಯುವ ಹೊತ್ತಿಗೆ
ಅದು ಬೂಟೇ ಆಗಿಹೋಗಿತ್ತು.
ಬೂಟಿನ ಹತ್ತಿರ ಇಳಿಸಪ್ಪಾ ಎಂದರೆ
ಟ್ಯಾಕ್ಸಿಯವನು ಮರುಮಾತಾಡುವುದಿಲ್ಲ.

ನಮಗಿದು ಹೊಸತೂ ಅಲ್ಲ.
ರಾಜನ ಗಿಡುಗವೊಂದು ಬೇಟೆಯ ಸಮೇತ
ಬಿಸಿನೀರ ಬುಗ್ಗೆಗೆ ಬಿದ್ದು ಬೆಂದಿತಂತೆ,
ಅದಕ್ಕೇ ಇಲ್ಲಿ ರಾಜಧಾನಿ ಎದ್ದಿತಂತೆ.
ಮೇಲಿನಿಂದ ಏನೋ ಬಿದ್ದು ಶುರುವಾದ ಊರು;
ಆಮೇಲೂ ಬೀಳುತ್ತಲೇ ಇದೆ:
ಕುದುರೆಯ ದಂಡು, ಫರ್ಮಾನು, ಬೂದು ಕಾಂಕ್ರೀಟು.
ಗಂಧಕದ ಹಬೆ ಮಾತ್ರ ಯಾರನ್ನೂ ಕೇಳದೆ ಮೇಲೇಳುತ್ತದೆ.

ಬೂಟಿನ ಕಾರುಗಳು ನಿಲ್ಲಲೆಂದು ಕೆಡವಿದ
ನಾಲ್ಕು ಮನೆಗಳ ಕಿಟಕಿ ನನ್ನ ಕೈಯದ್ದು.
ಆ ಕೆಂಪು ಗಾಜನ್ನು ಹೋಟೆಲಿನವನು ಕೊಂಡ, ದೀಪಕ್ಕೆ.
ಒಮ್ಮೆ ಹೋಗಿ ಅದರ ಕೆಳಗೆ ಕೂತೆ.
ಸಾರು ಚೆನ್ನಾಗಿತ್ತು. ಮತ್ತೆ ಹೋಗಿಲ್ಲ.

ಮಾರ್ಚಿಯ ಒಂದು ರಾತ್ರಿ, ಗಾಳಿಯೂ ಇಲ್ಲ ಕಲ್ಲೂ ಇಲ್ಲ,
ಬೂಟಿನ ಬೆನ್ನಿನಲ್ಲೊಂದು ಹಲಗೆ ತಾನಾಗಿ ಸಿಡಿಯಿತು.
ನನ್ನನ್ನು ಕರೆಸಿದರು. ಹಗ್ಗ ಕಟ್ಟಿ ಇಳಿಬಿಟ್ಟರು.
ಬದಲಿ ಗಾಜು ಎರಡು ಬೆರಳು ದೊಡ್ಡದಾಗಿತ್ತು.
ಅಷ್ಟೇ ತಾನೇ ಎಂದು ವಜ್ರ ತೆಗೆದೆ.
ಇಂಜಿನಿಯರ್ ಹುಡುಗಿ ತೆಯೋನಾ ಮಣಿಕಟ್ಟು ಹಿಡಿದಳು:
ಅಣ್ಣಾ ಅಂಜೋರ್, ಇದನ್ನು ಕತ್ತರಿಸಲಾಗದು.
ಕಾಯಿಸಿ, ಥಟ್ಟನೆ ತಣಿಸಿ, ಬಿಗಿದು ನಿಲ್ಲಿಸಿದ ಗಾಜು;
ಒಂದು ಗೀರು ತಾಗಿದರೂ ಸಕ್ಕರೆಯಾಗುತ್ತದೆ.

ಸಿಡಿದ ಹಳೆಯದರ ಒಂದು ಮುಷ್ಟಿ ಎತ್ತಿಕೊಂಡೆ.
ಹಿಂಡಿದೆ. ಇನ್ನೂ ಹಿಂಡಿದೆ.
ರಕ್ತ ಬರಲಿಲ್ಲ.
ಅಪ್ಪನ ಅಂಗೈ ನೆನಪಾಯಿತು,
ಊರಿನ ನಕ್ಷೆಯಂತೆ ಗೆರೆಗೆರೆ ಗಾಯದ್ದು.
ಕೊಯ್ಯದ ಗಾಜನ್ನು ಏನೆಂದು ಕರೆಯಲಿ?

ಎಷ್ಟು ಹಲಗೆ, ಕೇಳಿದೆ.
ಎರಡು ಸಾವಿರದ ಮುನ್ನೂರ ಹದಿನಾರು.
ಅಳತೆ?
ಒಂದರ ಹಾಗೆ ಒಂದಿಲ್ಲ.

ಹಗ್ಗದಲ್ಲಿ ಹಾಗೇ ಸ್ವಲ್ಪ ತೂಗಾಡಿದೆ.
ಬೆನ್ನ ಹಿಂದಿನ ನಮ್ಮ ಗುಡ್ಡವೆಲ್ಲ ಕಣ್ಣ ಮುಂದಿತ್ತು:
ಈ ಹಲಗೆಯಲ್ಲಿ ಗುರ್ಗೆನನ ಗೋಡೆ ನೆಟ್ಟಗೆ, ಸೈನಿಕನಂತೆ,
ಪಕ್ಕದ್ದರಲ್ಲಿ ಕುಡಿದವನಂತೆ,
ತ್ಸಿಯಾಲಾ ಒಣಹಾಕಿದ ದುಪ್ಪಟಿ
ಏಳು ಗಾಜುಗಳಲ್ಲಿ ಏಳು ಕಡೆ ಬೀಸುತ್ತಿತ್ತು.
ಗಾಮರ್ಜೋಬಾ, ಅಂದೆ ಮೆಲ್ಲಗೆ ಬೂಟಿಗೆ.
ನೆರೆಯವರಿಗೆ ಹೇಳಬೇಕಾದ ನಮಸ್ಕಾರ,
ಮೂರು ವರ್ಷ ತಡವಾಗಿ.

ಸರಿಯಾದ ಗಾಜು ಬರಲು ಆರು ವಾರ.
ಅಲ್ಲಿಯವರೆಗೆ ಆ ತೂತಿಗೆ
ಪ್ಲೈವುಡ್ ಹಲಗೆ ಬಡಿದು, ಅಂಚಿಗೆ ಟಾರು ಬಳಿದೆ.
ನಮ್ಮ ಅಂಗಳದಿಂದ ಚೆನ್ನಾಗಿ ಕಾಣುತ್ತದೆ,
ಅಷ್ಟು ಹೊಳಪಿನ ನಡುವೆ ಕಂದು ತೇಪೆ.
ಬಟ್ಟೆ ಹಿಂಡುತ್ತಾ ತ್ಸಿಯಾಲಾ ತುಂಬ ಹೊತ್ತು ನೋಡಿದಳು.
ಈಗ ನೋಡು, ಅಂದಳು,
ಯಾರೋ ವಾಸವಿದ್ದಾರೆ ಅನ್ನಿಸುತ್ತದೆ.

ಬಂದರಿನಿಂದ ಪೆಟ್ಟಿಗೆ ಹೊರಟಿದೆಯಂತೆ.
ತೆಯೋನಾ ಎರಡು ಸಲ ಫೋನು ಮಾಡಿದಳು.
ಹಗ್ಗ ಸಿಕ್ಕುತ್ತಿಲ್ಲ, ಅಂದೆ.
ಹುಡುಕುತ್ತಿದ್ದೇನೆ.