ಸಾರ್ಟಿಂಗ್ ಖಾನಿ

ಬೀದರ ಹೆಡ್ಡಾಫೀಸಿನ್ಯಾಗ ನನ್ನ ಕೆಲಸ ಇಷ್ಟೇ:
ಊರಿಗೊಂದು ಖಾನಿ, ಖಾನಿಗೊಂದು ಚೀಟಿ,
ಬಂದ ಕಾಗದ ತನ್ನ ಗೂಡಿಗಿ ಬೀಳಬೇಕು.

ಐವತ್ತಾರರ ನವೆಂಬರದಾಗ ಒಂದು ಮುಂಜಾನಿ
ಗೋಂದಿನ ಡಬ್ಬಿ ಹಿಡಕೊಂಡು
ಉದಗೀರ, ನಿಲಂಗಾ ಕಿತ್ತಿ ಮುಂಬಯಿ ಕಡಿ ಹಚ್ಚಿದೆ,
ಜಹೀರಾಬಾದ, ನಾರಾಯಣಖೇಡ ಆಂಧ್ರದ ಕಡಿ.
ಆಡೋ ಮಾತಿನ ಗುಂಟ ಜಿಲ್ಲಾ ಹರದಿತ್ತು.
ಬೆರಳಿಗಿ ಹತ್ತಿದ್ದು ಗೋಂದು ಅಷ್ಟೇ,
ಉಣ್ಣೋ ಹೊತ್ತಿಗಿ ತೊಳಕೊಂಡೆ.

ನಾಡು ಒಡಿಯೋದಂದ್ರ ಹಿಂಗೇ ಅನಕೊಂಡಿದ್ದೆ.

ಮನಿಯಾರ್ ತಾಲೀಮಿನ ಗಲ್ಲಿಯ ಮಹಲಖಾ ಬೀ.
ತಮ್ಮ ಇಫ್ತಿಖಾರ ನಲವತ್ತೆಂಟರಾಗ ಊರು ಬಿಟ್ಟಂವ.
ಯಾಕಂತ ಅಕಿ ಹೇಳಲಿಲ್ಲ, ನಾ ಕೇಳಲಿಲ್ಲ.
ಪೂರ್ವ ಪಾಕಿಸ್ತಾನ, ಸೈದ್‌ಪುರ, ರೈಲ್ವೆ ಕಾರ್ಖಾನಿ.
ಅಕಿಗಿ ಓದು ಬರಲ್ಲ; ನನಗ ಉರ್ದು ಬರ್ತದ,
ಸಾಲಿ ಕಲಿಸಿದ್ದು ಅದೊಂದೇ.

ಅಂವನ ಲಕೋಟಿ ಮ್ಯಾಗಿನ ಸ್ಟಾಂಪು ನನಗ ಪಸಂದ.
ಉಗುರಗಲ ಕಾಗದದಾಗ ಎರಡು ಲಿಪಿ:
ಉರ್ದು ಬಲದಿಂದ ಹೊಂಟದ, ಬಂಗಾಳಿ ಎಡದಿಂದ,
ನಡುವ ಎದುರಾದ್ರ ಏನು ಮಾತಾಡ್ತಾವೋ.
"ಆಪಾ, ಇವರ ಅಕ್ಷರ
ಹಗ್ಗಕ್ಕ ಒಣಗಹಾಕಿದ ಅರಿಬಿ ಹಂಗ ಜೋಲ್ತಾವ,
ಇದಕ್ಕೂ ಸರಕಾರದಾಗ ಕುರ್ಚಿ ಬೇಕಂತ!"
ಅಕಿ ನಕ್ಕಳು. ನಾನೂ ನಕ್ಕೆ.
ಮನಿಗಿ ನಡಿವಾಗ ನೆನಪಾತು,
ಪಾಟಿಯ ಹಿಂದ ಬರದು
ಮಾಸ್ತರ ಬರೋದರಾಗ ಉಗುಳಿ ಒರಸ್ತಿದ್ದ ಕನ್ನಡ.

ಎಪ್ಪತ್ತೊಂದರ ಮಾರ್ಚಿನಿಂದ ಕಾಗದಿಲ್ಲ.
ಅಕಿ ಬರಸಿದ್ದು ತಿರಗಿ ಬಂದವು, ಸೇವಾ ಬಂದ್.
ಡಿಸೆಂಬರದಾಗ ಚೌಬಾರಾ ಮುಂದ ಪೇಡೆ ಹಂಚಿದ್ರು.
ಅಕಿ ಒಂದು ತಗೊಂಡು
ಸೆರಗಿಗಿ ಗಂಟು ಹಾಕಿಕೊಂಡಳು.

ಮುಂದಿನ ಬ್ಯಾಸಿಗ್ಯಾಗ ಲಕೋಟಿ ಬಂತು.
ಅದೇ ಹಳೇ ಸ್ಟಾಂಪು, ಮ್ಯಾಗ ರಬ್ಬರ್ ಮೊಹರು,
ಸೊಟ್ಟಗ, ಅವಸರದಾಗ ಒತ್ತಿದ ಹೊಸ ದೇಶದ ಹೆಸರು.
ಉರ್ದು ಅದರ ಬುಡಕ ಉಸಿರು ಹಿಡಕೊಂಡು ಕುಂತಿತ್ತು.
ಒಳಗೆಲ್ಲಾ ಜೋಲೋ ಅಕ್ಷರ.

ವಿಮಾನದ ಕ್ಯಾಂಪಿನ ಕಾರ್ಪೊರಲ್ ಬಾಗ್ಚಿ
ಮನಿಆರ್ಡರ್ ಮಾಡಲಿಕ್ಕ ಬಂದಿದ್ದ,
ಕೌಂಟರಿನ ಮುಂದೇ ನಿಂತು ಹಿಂದಿಗಿ ತಿರುವಿ ಓದಿದ.
ಬರದಂವ ಫಿಟ್ಟರ್ ತೋಫಜ್ಜಲ್:
ನಿಮ್ಮ ತಮ್ಮ, ನಾ, ಹದಿನಾರು ವರ್ಷ ಒಂದೇ ಡಬ್ಬಿ ಉಂಡೀವಿ.
ಅವನ ಮಗ ಏಪ್ರಿಲಿನಾಗ ಅವರ ಕೂಡ ಸೇರಿದ,
ನಮ್ಮಣ್ಣನ ಮನಿ ತೋರಿಸಿದಂವ ಅಂವನೇ.
ಡಿಸೆಂಬರದಾಗ ನಮ್ಮ ಹುಡುಗರು ಬಂದ್ರು,
ಮಗ ಸಿಗಲಿಲ್ಲ, ಅಪ್ಪನ್ನ ಒಯ್ದರು.
ನಾ ಕದದ ಹಿಂದಿದ್ದೆ.
ಕದದ ಹಿಂದೇ ಇದ್ದೆ.
ವಿಳಾಸ ಅವನ ಪೆಟ್ಟಿಗ್ಯಾಗ ಸಿಕ್ಕಿತು.

ಒಂದು ಶಬ್ದ ಮಾತ್ರ ಬಾಗ್ಚಿ ತಿರುವಲಿಲ್ಲ,
ಇದ್ದಂಗೇ ಓದಿದ, ಎರಡು ಸಲ:
ರಜಾಕಾರ.

ಕೌಂಟರಿನ ಈಚಿ ನಾ, ಆಚಿ ಅಕಿ,
ಇಬ್ಬರೂ ತಲಿ ಎತ್ತಲಿಲ್ಲ.
ನಮ್ಮ ಸ್ವಾದರಮಾವನ ಹೊಲದ ಬಾವಿಗಿ ಆ ಶಬ್ದ ಗೊತ್ತದ.
ಅದರ ಸೇಡಿಗಂತ ಸುಟ್ಟ ಗಲ್ಲಿ,
ಸಂತಿಗಿ ಹೋಗಿ ತಿರಗಿ ಬರದ ಅಕಿ ಗಂಡ,
ಅವರಿಗೂ ಗೊತ್ತದ.
ಊರು ಬಿಟ್ಟಂವ ಅದನ್ನ ಒಯ್ದನೋ,
ಅದು ಮೊದಲೇ ಹೋಗಿ ಅಲ್ಲಿ ಕಾದಿತ್ತೋ.

ಬಾಗ್ಚಿ ಟೊಪ್ಪಿಗಿ ಹಾಕಿಕೊಂಡು ಹೋದ, ರಸೀದಿ ಮರತು.

ಭಾಳ ಹೊತ್ತಿನ ಮ್ಯಾಗ ಮಹಲಖಾ ಬೀ
ಸೆರಗಿನ ಗಂಟು ಬಿಚ್ಚಿ ಚಿಲ್ಲರ ಸುರದಳು:
"ಜವಾಬು ಬರಿಬೇಕು ಬಾಬು, ಎಷ್ಟು ಹತ್ತತದ?"
ರೇಟಿನ ಪುಸ್ತಕ ತಗದೆ, ಹಾಳಿ ತಿರುವಿದೆ, ಮತ್ತ ತಿರುವಿದೆ.
ಆ ದೇಶ ಇನ್ನೂ ಅದರಾಗ ಅಚ್ಚಾಗಿದ್ದಿಲ್ಲ.